ಎದೆಯ ಸ್ನಾಯು ಬಾಯಿಗೆ ಹೇಗೆ ಬರುತ್ತೆ?

ರಸ್ತೆಗೆ ಪ್ಯಾಚ್ ಹಾಕೋದು ನಮಗೆ ಗೊತ್ತು. ಆದರೆ ಹಾಕಿದ ಪ್ಯಾಚ್ ಜೀವಂತವಾಗಿಯೂ ಉಳಿಯಬೇಕು ಅಂದ್ರೆ? ತಲೆ-ಕುತ್ತಿಗೆಯ ಸರ್ಜನ್‌ಗಳ ಮುಂದಿರುವ ಪ್ರಶ್ನೆ ಇದೇ.

ಸಮಸ್ಯೆ

ಬಾಯಿ ಕ್ಯಾನ್ಸರ್ ಆದಾಗ ಗಡ್ಡೆಯ ಜೊತೆಗೆ ಕೆನ್ನೆ, ನಾಲಿಗೆ ಅಥವಾ ದವಡೆಯ ಭಾಗವನ್ನೂ ತೆಗೆಯಬೇಕಾಗಬಹುದು. ಆ ಜಾಗ ಮುಚ್ಚದಿದ್ದರೆ ಊಟ, ಮಾತು ಎರಡೂ ಕಷ್ಟ. ಜೊಲ್ಲು ಕುತ್ತಿಗೆಯೊಳಗೆ ಸೋರಿ ಸೋಂಕಾಗಿ, ಅದು ಕೆರೋಟಿಡ್ ರಕ್ತನಾಳದ ಗೋಡೆಯನ್ನು ಹಾಳು ಮಾಡಿದರೆ ಜೀವಕ್ಕೇ ಅಪಾಯ.

ಗ್ರಾಫ್ಟ್ ಬೇರೆ, ಫ್ಲಾಪ್ ಬೇರೆ

ಗ್ರಾಫ್ಟ್‌ಗೆ ಸ್ವಂತ ರಕ್ತ ಪೂರೈಕೆ ಇಲ್ಲ. ಕೂರಿಸಿದ ಜಾಗದಿಂದಲೇ ಅದು ಬದುಕಬೇಕು. ರೇಡಿಯೇಷನ್ ಆದ ಜಾಗದಲ್ಲಿ ಇದು ಕಷ್ಟ. ಫ್ಲಾಪ್ ತನ್ನ ರಕ್ತನಾಳವನ್ನು ತಾನೇ ತರುತ್ತದೆ.

1979ರಲ್ಲಿ ಅಮೆರಿಕದ ಸರ್ಜನ್ ಸ್ಟೀಫನ್ ಆರಿಯನ್ ಎದೆಯ ಪೆಕ್ಟೊರಾಲಿಸ್ ಮೇಜರ್ ಸ್ನಾಯುವಿನ ಫ್ಲಾಪನ್ನು ವಿವರಿಸಿದರು. ಇದಕ್ಕೆ ರಕ್ತ ಕೊಡುವ ಮುಖ್ಯ ನಾಳ ಕೊರಳೆಲುಬಿನ ಕೆಳಗಿಂದ ಬರುತ್ತದೆ. ಸ್ನಾಯುವಿನಿಂದ ಸಣ್ಣ ಕವಲುಗಳು ಮೇಲಿನ ಚರ್ಮಕ್ಕೆ ಹೋಗುತ್ತವೆ. ಹಾಗಾಗಿ ಚರ್ಮ ಬೇಕಿದ್ದರೆ ಸ್ನಾಯುವನ್ನೂ ಜೊತೆಗೇ ಎತ್ತಬೇಕು. ನಾಳವನ್ನು ಕತ್ತರಿಸದೆ, ಕೊರಳೆಲುಬಿನ ಮೇಲಿಂದ ಕುತ್ತಿಗೆಯ ಚರ್ಮದಡಿ ಸುರಂಗ ಮಾಡಿ, ಫ್ಲಾಪನ್ನು ಬಾಯಿಯವರೆಗೆ ತಂದು ಹೊಲಿಯುತ್ತಾರೆ. ಎದೆಯ ಗಾಯವನ್ನು ಸಾಮಾನ್ಯವಾಗಿ ಅಲ್ಲೇ ಎಳೆದು ಮುಚ್ಚಬಹುದು.

ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಇಲ್ಲೂ ಇದೆ

ಪಾಯ್ಸೆಲ್ ನಿಯಮ ನೆನಪಿದೆಯಲ್ಲ? ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿರುತ್ತದೆ. ರಕ್ತ ಆದರ್ಶ ದ್ರವವಲ್ಲ, ನಾಳವೂ ಗಟ್ಟಿ ಪೈಪಲ್ಲ. ಆದರೂ ಅಂದಾಜಿಗೆ ಸಾಕು. ತ್ರಿಜ್ಯ 10% ಕಡಿಮೆಯಾದರೆ ಹರಿವು ಸುಮಾರು 34% ಇಳಿಯುತ್ತದೆ. ಅರ್ಧವಾದರೆ ಉಳಿಯೋದು ಹದಿನಾರನೇ ಒಂದು ಭಾಗ. ಅದಕ್ಕೇ ನಾಳ ತಿರುಚಬಾರದು, ಸುರಂಗ ಬಿಗಿಯಾಗಬಾರದು.

ಒಳಬರುವ ಲೈನಷ್ಟೇ ಮುಖ್ಯ ಹೊರಹೋಗುವ ಲೈನ್. ಅಪಧಮನಿ ಕಟ್ಟಿದರೆ ಫ್ಲಾಪ್ ಬಿಳಿಚಿ ತಣ್ಣಗಾಗುತ್ತದೆ. ಅಭಿಧಮನಿ ಕಟ್ಟಿದರೆ ಊದಿ ನೀಲಿಯಾಗುತ್ತದೆ. ಆಪರೇಷನ್ ಆದ ಮೊದಲ ದಿನಗಳಲ್ಲಿ ನರ್ಸ್‌ಗಳು ಪದೇ ಪದೇ ಬಣ್ಣ, ಬಿಸಿ ನೋಡೋದು ಇದಕ್ಕೇ.

ಹಾಗಾದರೆ ಇದೇ ಕೊನೆಯ ಉತ್ತರವೇ?

ಅಲ್ಲ. ಈ ಫ್ಲಾಪ್ ದಪ್ಪ, ಮೂಳೆಯ ಕೊರತೆ ತುಂಬಲ್ಲ. ದವಡೆಗೆ ಕಾಲಿನ ಫಿಬುಲಾ ಮೂಳೆಯನ್ನು ನಾಳಸಮೇತ ಬೇರ್ಪಡಿಸಿ, ಕೆಲವೇ ಮಿಲಿಮೀಟರ್ ಅಗಲದ ಆ ನಾಳಗಳನ್ನು ಮೈಕ್ರೋಸ್ಕೋಪ್ ಅಡಿಯಲ್ಲಿ ಕುತ್ತಿಗೆಯ ನಾಳಗಳಿಗೆ ಹೊಲಿಯುತ್ತಾರೆ. ಅದಕ್ಕೆ ಹೆಚ್ಚು ಸಮಯ, ವಿಶೇಷ ತರಬೇತಿ ಬೇಕು. ಅವು ಸಿಗದ ಕಡೆ, ಅಥವಾ ಅಂಥ ಫ್ಲಾಪ್ ವಿಫಲವಾದಾಗ, ಎದೆಯ ಸ್ನಾಯು ಇಂದಿಗೂ ಕೈಹಿಡಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಮೊದಲಿನ ಬಾಯಿ ಪೂರ್ತಿ ವಾಪಸ್ ಬರಲ್ಲ. ಗುಟ್ಕಾ ಪೊಟ್ಟಣ ಹರಿಯುವ ಗೆಳೆಯರಿಗೆ ನಾವು ಹೇಳಬೇಕಾದದ್ದು ಇಷ್ಟೇ.