ನೀರು ತಂದ ಕಲೆ

ಆರನೆಯ ತರಗತಿಯ ಹುಡುಗಿಯೊಬ್ಬಳು ನಗುವಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಅವಳ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. "ಹಲ್ಲುಜ್ಜುವುದಿಲ್ಲ" ಎಂದು ಜೊತೆಯವರು ಹಾಸ್ಯ ಮಾಡುತ್ತಿದ್ದರು. ಇದ್ದಿಲಿನಿಂದ ಉಜ್ಜಿ ಉಜ್ಜಿ ಅವಳ ವಸಡು ಹುಣ್ಣಾಯಿತು; ಕಲೆ ಹೋಗಲಿಲ್ಲ. ತಪ್ಪು ಅವಳದಲ್ಲ, ಅವಳು ಕುಡಿದು ಬೆಳೆದ ಕೊಳವೆಬಾವಿಯ ನೀರಿನದು.

ಮಕ್ಕಳೇ, ರಾಯದುರ್ಗ, ಮಡಕಶಿರಗಳ ಬಂಡೆಗಳ ಬೆಟ್ಟಗಳನ್ನು ನೋಡಿದ್ದೀರಲ್ಲವೆ? ಇಂತಹ ಕಲ್ಲುಗಳಲ್ಲಿ ಫ್ಲೋರೈಡ್ ಎಂಬ ಅಂಶವಿರುತ್ತದೆ. ನಮ್ಮದು ಮಳೆ ಕಡಿಮೆಯಾದ ಸೀಮೆ. ಆದ್ದರಿಂದ ಆಳದ ನೀರನ್ನು ಮೇಲೆತ್ತುತ್ತೇವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಆ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಅದು ಕಣ್ಣಿಗೆ ಕಾಣದು, ನಾಲಿಗೆಗೂ ತಿಳಿಯದು. ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮಿತಿಮೀರಿದ ಫ್ಲೋರೈಡಿನಿಂದ ಬರುವ ರೋಗವೇ ಫ್ಲೋರೋಸಿಸ್. ಇದು ಅಂಟುರೋಗವಲ್ಲ. ಸುಮಾರು ಎಂಟು ವರ್ಷದೊಳಗೆ, ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವಾಗಲೇ ಕಲೆ ಬೀಳುತ್ತದೆ. ಅದು ಉಜ್ಜಿದರೆ ಹೋಗದು, ದಂತವೈದ್ಯರು ಮರೆಮಾಡಬಲ್ಲರು. ಅನೇಕ ವರ್ಷ ಇಂತಹ ನೀರನ್ನೇ ಕುಡಿದರೆ ಮೂಳೆಗಳಲ್ಲಿ ಫ್ಲೋರೈಡ್ ಸೇರಿ ಕೀಲುನೋವು, ಬೆನ್ನಿನ ಬಿಗಿತ ಬರುತ್ತವೆ. ಬಾಗಿದ ಮೂಳೆಯನ್ನು ನೆಟ್ಟಗಾಗಿಸುವ ಮಾತ್ರೆಯಿಲ್ಲ. ಆದ್ದರಿಂದ ನೀರು ಬದಲಿಸುವುದೇ ಮೊದಲ ಚಿಕಿತ್ಸೆ.

"ಕುದಿಸಿದರೆ ಸಾಲದೆ?" ಎಂದು ಕೇಳಬಹುದು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಶುಚಿಯಾಗಿ ಸಂಗ್ರಹಿಸಿದ ಮಳೆನೀರು, ಪರೀಕ್ಷಿಸಿದ ಕೊಳಾಯಿ ನೀರು, ಫ್ಲೋರೈಡ್ ತೆಗೆಯುವ ಶುದ್ಧೀಕರಣ ಘಟಕದ ನೀರು ಒಳ್ಳೆಯವು. 1995ರಲ್ಲಿ ಆರಂಭವಾದ ಶ್ರೀ ಸತ್ಯಸಾಯಿ ಕುಡಿಯುವ ನೀರಿನ ಯೋಜನೆಯು ಅಂದಿನ ಅನಂತಪುರ ಜಿಲ್ಲೆಯ ನೂರಾರು ಹಳ್ಳಿಗಳಿಗೆ ನೀರು ಒದಗಿಸಿತು. ಮಡಕಶಿರವೂ ಆಗ ಅದೇ ಜಿಲ್ಲೆಯಲ್ಲಿತ್ತು. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು.

ಊಟದಲ್ಲಿ ರಾಗಿ, ಹಾಲು, ಸೊಪ್ಪು, ನೆಲ್ಲಿಕಾಯಿ ಇರಲಿ. ಇವು ದೇಹಕ್ಕೆ ಬಲ ನೀಡುತ್ತವೆ, ಆದರೆ ಒಳ್ಳೆಯ ನೀರಿಗೆ ಬದಲಿಯಾಗಲಾರವು.

ಆ ಹುಡುಗಿಗೆ ಇದನ್ನು ವಿವರಿಸಿದಾಗ ಅವಳು ತನ್ನ ಹಲ್ಲಿನ ಮಾತೆತ್ತಲಿಲ್ಲ. "ನನ್ನ ತಮ್ಮನಿಗೆ ಇನ್ನೂ ಹಾಲುಹಲ್ಲು ಸಾರ್. ಇಂದೇ ನೀರು ಬದಲಿಸಬಹುದಲ್ಲವೆ?" ಎಂದಳು. ಹಾಗೆ ಕೇಳುವಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿದಿರಲಿಲ್ಲ.

ಅಭ್ಯಾಸ
1. ಹುಡುಗಿಯ ಹಲ್ಲಿನ ಕಲೆ ಉಜ್ಜಿದರೂ ಏಕೆ ಹೋಗಲಿಲ್ಲ?
2. ಫ್ಲೋರೈಡ್ ಇರುವ ನೀರನ್ನು ಕುದಿಸಿದರೆ ಏನಾಗುತ್ತದೆ?
3. ನಿಮ್ಮ ಮನೆಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಅದನ್ನು ಪರೀಕ್ಷಿಸಿದ್ದಾರೆಯೇ? ಹಿರಿಯರನ್ನು ಕೇಳಿ ಬರೆಯಿರಿ.