ಹೂವಿನ ಸಾಲು, ಒಂದೇ ಲೆನ್ಸು

ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಜೋಸೆಫ್ ಸುಡೆಕ್, ಪ್ರಾಗ್ ನಗರದ ತಮ್ಮ ಪುಟ್ಟ ಸ್ಟುಡಿಯೋದ ಕಿಟಕಿಯನ್ನೇ 1940ರಿಂದ 1954ರವರೆಗೆ ಫೋಟೊ ತೆಗೆದರು. ಅದೇ ಗಾಜು, ಅದೇ ಅಂಗಳ, ಅದೇ ಡೊಂಕು ಮರ. ಒಮ್ಮೆ ಗಾಜಿನ ಮೇಲೆ ಹನಿ ಕಟ್ಟಿರುತ್ತದೆ, ಇನ್ನೊಮ್ಮೆ ಹಿಮ. ಊರು ಜರ್ಮನ್ನರ ಕೈಯಲ್ಲಿದ್ದ ಕಾಲದಲ್ಲಿ ಕ್ಯಾಮೆರಾ ಹೊತ್ತು ಬೀದಿ ಅಲೆಯುವುದು ಸುಲಭವಿರಲಿಲ್ಲ, ಸರಣಿ ಶುರುವಾದದ್ದೇ ಆಗ. ಯುದ್ಧ ಮುಗಿದ ಮೇಲೂ ಅವರು ಕಿಟಕಿ ಬಿಡಲಿಲ್ಲ. ಹಂಗೇರಿ ಮೂಲದ ಆಂದ್ರೆ ಕೆರ್ಟೆಸ್ ಕೂಡ ಹಾಗೆಯೇ. 1952ರಲ್ಲಿ ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರ್ ಪಕ್ಕದ ಹನ್ನೆರಡನೇ ಮಹಡಿಯ ಮನೆಗೆ ಬಂದವರು, ಕೆಳಗಿನ ಪಾರ್ಕನ್ನು ಮುಪ್ಪಿನವರೆಗೂ ಮೇಲಿನಿಂದಲೇ ತೆಗೆಯುತ್ತ ಹೋದರು.

ಇವರಿಬ್ಬರ ಚಿತ್ರಗಳನ್ನು ನೋಡಿದ ಮೇಲೆ ಹೊಸ ಹೊಸ ಜಾಗ ಹುಡುಕುವ ನನ್ನ ಚಪಲ ಇಳಿಯಿತು. ವಾರದ ಕೊನೆಗೆ ದೂರದ ಜಲಪಾತಕ್ಕೋ ಬೆಟ್ಟಕ್ಕೋ ಓಡುವವರಿಗೆ ಕಂಪೋಸಿಷನ್ ಕೂಡಿಬರದಿರುವುದಕ್ಕೆ ಕಾರಣ ಅವರ ಕೈಯಲ್ಲಿ ಕಸುಬಿಲ್ಲವೆಂದಲ್ಲ. ಜಾಗ ಹೊಸದು, ನೀರು ಧುಮುಕುವುದನ್ನು ನೋಡುವುದರಲ್ಲೇ ಕಣ್ಣು ತುಂಬಿಹೋಗುತ್ತದೆ. ಫ್ರೇಮಿನ ನಾಲ್ಕು ಅಂಚಿನ ಕಡೆ ಗಮನ ಕೊಡಲು ಪುರುಸೊತ್ತೆಲ್ಲಿ? ದಿನವೂ ಕಂಡ ಜಾಗದಲ್ಲಿ ಆ ಬೆರಗು ಇರುವುದಿಲ್ಲ. ಆಗ ಅಂಚು ಕಾಣತೊಡಗುತ್ತದೆ.

ನಾನು ಆರಿಸಿಕೊಂಡದ್ದು ಮೈಸೂರಿನ ಚಿಕ್ಕ ಗಡಿಯಾರದ ಹಿಂದಿನ ದೇವರಾಜ ಮಾರುಕಟ್ಟೆ, ಅದರಲ್ಲೂ ಹೂವಿನ ಸಾಲು. ಕೈಯಲ್ಲಿ ಜೂಮ್ ಇಲ್ಲದ 50 ಎಂಎಂ ಲೆನ್ಸು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅದಕ್ಕೆ ಅಗಲಕ್ಕೆ ಕಾಣುವುದು ಸುಮಾರು 40 ಡಿಗ್ರಿ ಮಾತ್ರ. ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 26 ಎಂಎಂಗೆ ಸಮ, ಅದು ಎದುರಿಗಿರುವುದನ್ನೆಲ್ಲ ಬಾಚಿಕೊಳ್ಳುತ್ತದೆ. 50 ಎಂಎಂನಲ್ಲಿ ಏನನ್ನಾದರೂ ಬಿಡಲೇಬೇಕು. ಏನನ್ನು ಎಂಬುದನ್ನು ಕಾಲು ತೀರ್ಮಾನಿಸುತ್ತದೆ.

ಹೂವಿನವರ ಹಿಂದೆ ತೂಗುವ ಬಲ್ಬಿನ ವೈರು ಅವರ ತಲೆಯಿಂದಲೇ ಹುಟ್ಟಿದಂತೆ ಕಾಣುತ್ತಿದ್ದರೆ ಎಡಕ್ಕೆ ಅರ್ಧ ಹೆಜ್ಜೆ ಸಾಕು. ಕುಕ್ಕರುಗಾಲಲ್ಲಿ ಕೂತರೆ ಸೇವಂತಿಗೆಯ ರಾಶಿ ಮೇಲೆದ್ದು ಹಿಂದಿನ ಪ್ಲಾಸ್ಟಿಕ್ ಕ್ರೇಟುಗಳನ್ನು ಮುಚ್ಚುತ್ತದೆ. ಕಟ್ಟೆ ಹತ್ತಿದರೆ ಒಬ್ಬರ ಮೇಲೊಬ್ಬರು ಅಂಟಿಕೊಂಡಂತಿದ್ದ ಗಿರಾಕಿಗಳು ಬಿಡಿಬಿಡಿಯಾಗುತ್ತಾರೆ. ಎಲ್ಲಕ್ಕಿಂತ ದೊಡ್ಡ ಶತ್ರು ನೀಲಿ ಟಾರ್ಪಾಲು. ಮೂಲೆಯಲ್ಲಿ ಅಂಗೈಯಗಲ ಇಣುಕಿದರೂ ಕಣ್ಣು ಕನಕಾಂಬರವನ್ನು ಬಿಟ್ಟು ಅತ್ತ ಓಡುತ್ತದೆ.

ಫ್ರೇಮನ್ನು ಮೂರು ಪಾಲು ಮಾಡಿ ನೋಡುವ ಮೂರು ಭಾಗದ ಸೂತ್ರ ಎಲ್ಲರಿಗೂ ಗೊತ್ತು. ಮೊಬೈಲಿನಲ್ಲಿ ಗ್ರಿಡ್ ಹಾಕಿಕೊಂಡರೆ ಗೆರೆಗಳೂ ಬರುತ್ತವೆ. ಅದು ಫೋಟೊಗ್ರಫಿಗಿಂತ ಹಳೆಯದು. ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ 1797ರಲ್ಲಿ ನಿಸರ್ಗಚಿತ್ರ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು. ಆಕಾಶ ಎಷ್ಟು, ನೆಲ ಎಷ್ಟು ಎಂಬ ಲೆಕ್ಕಕ್ಕೆ ಅದು ಒಗ್ಗುತ್ತದೆ. ಎರಡೂ ಬದಿ ಅಂಗಡಿ, ಮೇಲೆ ಸೂರು ಇರುವ ಸಂದಿಯಲ್ಲಿ ಆಕಾಶವೇ ಇಲ್ಲ. ಅಲ್ಲಿ ಕುಂಕುಮದ ಗುಡ್ಡೆಯನ್ನು ನಟ್ಟನಡುವೆ ಕೂರಿಸಿದರೇ ಲಕ್ಷಣ.

ಕಾಯುವುದಕ್ಕೆ ಪಾಠ ಹೇಳಿದ್ದು ಹೂವಿನ ಮೊಳ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಮಾಲೆ ಎಳೆದು ಅಳೆಯುವಾಗ, ದಾರ ಬಿಗಿಯಾಗಿ ಓರೆಗೆರೆಯಾಗುವುದು ಒಂದೇ ಕ್ಷಣ. ಆ ಕ್ಷಣದಲ್ಲಿ ಗಿರಾಕಿಯ ಕಣ್ಣು ಮೊಣಕೈ ಮೇಲಿರುತ್ತದೆ (ಮೊಳ ಗಿಡ್ಡವಾಯಿತೇ ಎಂಬ ಅನುಮಾನ), ಮಾರುವವರ ಕಣ್ಣು ಗಿರಾಕಿಯ ಮುಖದ ಮೇಲೆ. ಎರಡು ನೋಟ, ನಡುವೆ ಒಂದು ಗೆರೆ. ಮುಂದಿನ ಕ್ಷಣಕ್ಕೆ ಕೈ ಮಡಚಿ ಎಲ್ಲ ಕಲಸಿಹೋಗುತ್ತದೆ. ಹಾಗಾಗಿ ಹಿನ್ನೆಲೆ ಸರಿಯಿರುವ ಜಾಗ ಮೊದಲು ಹಿಡಿದು ನಿಲ್ಲಬೇಕು. ಫ್ರಾನ್ಸಿನ ಫೋಟೊಗ್ರಾಫರ್ ಆನ್ರಿ ಕಾರ್ತಿಯೇ-ಬ್ರೆಸನ್ 1932ರಲ್ಲಿ ಇಯೇರ್ ಎಂಬ ಊರಿನಲ್ಲಿ ತೆಗೆದ, ಸುರುಳಿ ಮೆಟ್ಟಿಲ ಕೆಳಗೆ ಸೈಕಲ್ ಸವಾರ ಹಾದುಹೋಗುವ ಚಿತ್ರ ನೋಡಿದರೆ ಇದು ತಿಳಿಯುತ್ತದೆ. ಮೆಟ್ಟಿಲು, ಕಂಬಿ, ರಸ್ತೆಯ ತಿರುವು ಎಲ್ಲವೂ ಸೈಕಲ್ಲಿಗೆ ಜಾಗ ಬಿಟ್ಟುಕೊಂಡಂತಿವೆ. ಫೋಟೊ ಕ್ರಾಪ್ ಮಾಡುವುದೆಂದರೆ ಆಗದ ಈ ಮನುಷ್ಯ, ಅದೇ ವರ್ಷ ಪ್ಯಾರಿಸ್ಸಿನ ರೈಲು ನಿಲ್ದಾಣದ ಹಿಂದೆ ನೀರು ಹಾರುವವನನ್ನು ಬೇಲಿಯ ಸಂದಿಯಿಂದ ತೆಗೆದಾಗ ಅಂಚು ಕತ್ತರಿಸಬೇಕಾಯಿತು. ಹಲಗೆ ಅಡ್ಡ ಬಂದಿತ್ತು. ಪಂಥ ಕಟ್ಟಿದವರಿಗೂ ಇಷ್ಟು ವಿನಾಯಿತಿ ಇರಲಿ.

“ಏನ್ ಸಾರ್, ದಿನಾ ಬಂದು ಅದೇ ಫೋಟೊ ತೆಗೀತೀರಲ್ಲ, ಒಂದ್ ಮೊಳನಾದ್ರೂ ತಗಳಿ” ಎಂದರು ಒಬ್ಬರು.

“ಎರಡು ಮೊಳ ಕೊಡಿ ಅಕ್ಕ, ಕೈ ಚೆನ್ನಾಗ್ ನೀಡಿ ಅಳೀರಿ” ಎಂದೆ. ಅವರು ನಕ್ಕರು, ಮೊಳ ಮಾತ್ರ ಉದ್ದವಾಗಲಿಲ್ಲ. ಮಲ್ಲಿಗೆ ಕೊಂಡ ಮೇಲೆ ಯಾರೂ ಕ್ಯಾಮೆರಾ ಕಡೆ ನೋಡುವುದಿಲ್ಲವೆಂಬುದು ಬೇರೆ ಲಾಭ. ಇದೇ ಊರಿನ ಟಿ.ಎಸ್. ಸತ್ಯನ್ ಸಾಮಾನ್ಯರ ದಿನದಿನದ ಬದುಕನ್ನೇ ಜೀವಮಾನವಿಡೀ ತೆಗೆದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಆ ಮಕ್ಕಳ ಮುಖದಲ್ಲಿ ಪೋಸು ಕೊಡುವ ಬಿಗುಮಾನ ಹುಡುಕಿದರೂ ಸಿಗದು.

ಒಂದೇ ಜಾಗಕ್ಕೆ ವರ್ಷವಿಡೀ ಹೋದರೆ ಸೂರ್ಯನ ನಡೆಯೂ ಗೊತ್ತಾಗುತ್ತದೆ. ಮೈಸೂರಿನಲ್ಲಿ ಏಪ್ರಿಲ್ 22ರ ಆಸುಪಾಸು, ಮತ್ತೆ ಆಗಸ್ಟ್ 20ರ ಆಸುಪಾಸು ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ನೆರಳು ಕಾಲಡಿಗೆ ಸೇರುತ್ತದೆ. ಈ ಎರಡರ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದ ಕಾಲ ಉತ್ತರಕ್ಕೆ. ಜನವರಿಯಲ್ಲಿ ಸೂರಿನ ಸಂದಿಯಿಂದ ಓರೆಯಾಗಿ ಬರುವ ಬಿಸಿಲುಕೋಲು ಯಾವ ಅಂಗಡಿಯ ಮುಂದೆ ಬೀಳುತ್ತದೋ, ಮೇ ತಿಂಗಳಲ್ಲಿ ಅಲ್ಲಿರುವುದಿಲ್ಲ. ಹುಡುಕಿಕೊಂಡು ಹೋಗಬೇಕು.

ಇನ್ನು ತೆಗೆದ ಚಿತ್ರಗಳ ಆಯ್ಕೆ. ಕಾರ್ತಿಯೇ-ಬ್ರೆಸನ್ ಚಿತ್ರವನ್ನು ತಲೆಕೆಳಗು ಮಾಡಿ ನೋಡುತ್ತಿದ್ದರು. ಮುಖ, ಹೂವು ಮರೆತು ಆಕಾರ, ತೂಕ ಮಾತ್ರ ಉಳಿಯುತ್ತದೆ. ಮೊಬೈಲಿನಲ್ಲೂ ಮಾಡಿ ನೋಡಬಹುದು, ತಕ್ಷಣ ಫಲ ಕೊಡುವ ಉಪಾಯ. ಅಮೆರಿಕದ ಗ್ಯಾರಿ ವಿನೋಗ್ರಾಂಡ್ ತೆಗೆದ ಗಳಿಗೆಯ ಹುರುಪು ಆರಲಿ ಎಂದು ರೋಲುಗಳನ್ನು ಬಹುಕಾಲ ತೊಳೆಯದೆ ಇಡುತ್ತಿದ್ದರು. 1984ರಲ್ಲಿ ತೀರಿಕೊಂಡಾಗ ಸುಮಾರು 2,500 ರೋಲು ಡೆವಲಪ್ ಆಗದೆ ಉಳಿದಿದ್ದವು. ಅಷ್ಟು ತಾಳ್ಮೆ ಬೇಡ. ಬೆಳಿಗ್ಗೆ ತೆಗೆದದ್ದನ್ನು ಅಂದೇ ರಾತ್ರಿ ಅಳಿಸದಿದ್ದರೆ ಸಾಕು. ತಿಂಗಳ ನಂತರ ಬೇರೆಯದೇ ಚಿತ್ರ ಎದ್ದು ಕಾಣುತ್ತದೆ.

ಈಗ ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ತೆಗೆಯುತ್ತಿದ್ದೇನೆ, ಫೋಟೊ ನೋಡುವವರೆಲ್ಲ ಮೊಬೈಲನ್ನು ಹಿಡಿಯುವುದೇ ಹಾಗೆ. ಹೂವಿನ ಸಾಲಿನಲ್ಲಿ ಮೇಲಿನ ಅರ್ಧ ಸುಮ್ಮನೆ ಖಾಲಿ ಬೀಳುತ್ತದೆ, ಇಲ್ಲವೇ ಆ ಟಾರ್ಪಾಲು ಬಂದು ಕೂರುತ್ತದೆ. ಪಕ್ಕದ ಬಾಳೆಹಣ್ಣಿನ ಸಾಲಿನಲ್ಲಿ ಗೊನೆಗಳು ತಲೆಯ ಮೇಲಿನವರೆಗೆ ತೂಗುತ್ತವೆ, ಉದ್ದದ ಫ್ರೇಮಿಗೆ ಹೇಳಿ ಮಾಡಿಸಿದ ಹಾಗೆ. ಸದ್ಯ ಅಲ್ಲಿಗೆ ಬಿಡಾರ ಬದಲಿಸಿದ್ದೇನೆ.