ಶಾಲೆಗೆ ಹೋಗುವ ಮಗುವಿಗೂ ಚುಚ್ಚುಮದ್ದು ಬೇಕೆ?



ಶಾಲೆಯಿಂದ ಮಗು ಒಂದು ಚೀಟಿ ತಂದು ಕೊಡುತ್ತದೆ. ಇಂಥ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದವರು ಶಾಲೆಗೆ ಬಂದು ಚುಚ್ಚುಮದ್ದು ಹಾಕುತ್ತಾರೆ, ಪೋಷಕರಿಗೆ ತಿಳಿದಿರಲಿ ಎಂದು ಅದರಲ್ಲಿ ಬರೆದಿರುತ್ತದೆ. "ಚಿಕ್ಕಂದಿನಲ್ಲೇ ಎಲ್ಲಾ ಹಾಕಿಸಿ ಆಯಿತಲ್ಲ, ಮತ್ತೆ ಯಾಕೆ?" ಎಂದು ಅನೇಕ ಮನೆಗಳಲ್ಲಿ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಉತ್ತರ ತಿಳಿದುಕೊಳ್ಳದೆ ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಸರಿಯಲ್ಲ.

ಕೂಸಿಗೆ ಹಾಕಿಸಿದ ಕೆಲವು ಲಸಿಕೆಗಳ ಶಕ್ತಿ ವರ್ಷಗಳು ಕಳೆದಂತೆ ಕುಗ್ಗುತ್ತದೆ. ಅದನ್ನು ಮತ್ತೆ ಹೆಚ್ಚಿಸಲು ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ 5ರಿಂದ 6 ವರ್ಷದೊಳಗೆ ಡಿ.ಪಿ.ಟಿ. ಬೂಸ್ಟರ್, 10ನೇ ವರ್ಷಕ್ಕೆ ಮತ್ತು 16ನೇ ವರ್ಷಕ್ಕೆ ಟಿ.ಡಿ. ಚುಚ್ಚುಮದ್ದು ಇದೆ. ಇವೆಲ್ಲ ಉಚಿತ. ಒಂದೂವರೆ ವರ್ಷದವರೆಗೆ ತಪ್ಪದೆ ಆಸ್ಪತ್ರೆಗೆ ಓಡಾಡಿದ ತಾಯಂದಿರೇ ಮರೆಯುವುದು ಈ ಮೂರನ್ನು.

ಇವು ತಡೆಯುವ ರೋಗಗಳಲ್ಲಿ ಗಂಟಲುಮಾರಿ ಒಂದು. ವೈದ್ಯರು ಇದನ್ನು ಡಿಫ್ತೀರಿಯಾ ಎನ್ನುತ್ತಾರೆ. ಹಳೆಯ ಕಾಲದ ರೋಗ, ಈಗೆಲ್ಲಿದೆ ಎನ್ನಬೇಡಿ. ಈ ಶತಮಾನದಲ್ಲೂ ಅತಿ ಹೆಚ್ಚು ಪ್ರಕರಣಗಳು ವರದಿಯಾದ ದೇಶಗಳಲ್ಲಿ ಭಾರತ ಒಂದು, ಬಿದ್ದವರಲ್ಲಿ ಶಾಲಾ ವಯಸ್ಸಿನ ಮಕ್ಕಳು ಬಹಳ. ಮೊದಲು ಸಣ್ಣ ಜ್ವರ, ಗಂಟಲು ನೋವು. ಯಾರಾದರೂ ಶೀತವೆಂದೇ ತಿಳಿದಾರು. ಆಮೇಲೆ ಗಂಟಲೊಳಗೆ ಬೂದು ಬಣ್ಣದ ಪೊರೆ ಕಟ್ಟುತ್ತದೆ, ಕತ್ತು ಊದಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ರೋಗಾಣು ಬಿಡುವ ವಿಷ ರಕ್ತಕ್ಕೆ ಸೇರಿ ಹೃದಯವನ್ನೂ ನರಗಳನ್ನೂ ಕೆಡಿಸುತ್ತದೆ. ಆ ವಿಷಕ್ಕೆ ಪ್ರತಿವಿಷವಿದೆ ನಿಜ, ಆದರೆ ತಡವಾದಷ್ಟೂ ಅದರ ಪ್ರಯೋಜನ ಕಡಿಮೆ. ಕೆಮ್ಮಿದರೆ, ಸೀನಿದರೆ ಹರಡುವ ಈ ರೋಗಕ್ಕೆ ಒಂದೇ ಬೆಂಚಿನ ಮೇಲೆ ಕುಳಿತ ಮಕ್ಕಳು ಸುಲಭವಾಗಿ ಸಿಕ್ಕುತ್ತಾರೆ.

ಧನುರ್ವಾಯುವಿನ ರೀತಿ ಬೇರೆ. ಅದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಅದರ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ಊರಿನ ಮಕ್ಕಳೆಲ್ಲ ಲಸಿಕೆ ಹಾಕಿಸಿಕೊಂಡರೂ, ಹಾಕಿಸಿಕೊಳ್ಳದ ನಿಮ್ಮ ಮಗ ತೋಟದಲ್ಲಿ ಮುಳ್ಳು ತುಳಿದರೆ ಅವನಿಗೆ ರಕ್ಷಣೆಯಿಲ್ಲ.

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿನಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿದಾಗ ವಾಟ್ಸಾಪಿನಲ್ಲಿ ಏನೇನೋ ಗಾಳಿಮಾತು ಹಬ್ಬಿತು. ಹೆದರಿದ ಕೆಲವರು ಮಕ್ಕಳನ್ನು ಶಾಲೆಗೇ ಕಳುಹಿಸಲಿಲ್ಲ. ರುಬೆಲ್ಲಾ ಮಕ್ಕಳಿಗೆ ಸಣ್ಣ ಕಾಯಿಲೆ. ಆದರೆ ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗುಲಿದರೆ ಹುಟ್ಟುವ ಕೂಸಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ದೋಷ ಬರಬಹುದು. ಫೋನಿಗೆ ಬಂದ ಸಂದೇಶಕ್ಕೆ ಸಹಿಯಿರುವುದಿಲ್ಲ. ಸಂಶಯವಿದ್ದರೆ ಆಶಾ ಕಾರ್ಯಕರ್ತೆಯನ್ನೋ, ನಿಮ್ಮೂರಿನ ದವಾಖಾನೆಯ ಸಿಸ್ಟರನ್ನೋ, ವೈದ್ಯರನ್ನೋ ನೇರವಾಗಿ ಕೇಳಿರಿ.

ಚುಚ್ಚುಮದ್ದಿನ ದಿನ ಮಗುವನ್ನು ಖಾಲಿ ಹೊಟ್ಟೆಯಲ್ಲಿ ಕಳುಹಿಸಬೇಡಿ. ದೊಡ್ಡ ಮಕ್ಕಳು ಸೂಜಿಯ ಭಯಕ್ಕೇ ತಲೆಸುತ್ತಿ ಬೀಳುವುದುಂಟು. ತಪಸ್ಸು ಕಾಲವಾದರೂ ತಿಂಡಿ ತಿನ್ನಿಸಿರಿ. ಉಪವಾಸದ ನಿಯಮ ಅನ್ವಯಿಸುವುದು 18 ತುಂಬಿದವರಿಗೆ. ಸಣ್ಣ ಶೀತವಿದ್ದರೆ ಅಡ್ಡಿಯಿಲ್ಲ. ಜೋರು ಜ್ವರವಿದ್ದರೆ, ಹಿಂದೆ ಲಸಿಕೆ ಹಾಕಿದಾಗ ತೀವ್ರ ಅಲರ್ಜಿಯಾಗಿದ್ದರೆ ಮುಂಚಿತವಾಗಿ ತಿಳಿಸಬೇಕು. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು. ತೋಳು ನೋಯುವುದು, ಒಂದೆರಡು ದಿನ ಸಣ್ಣ ಜ್ವರ ಬರುವುದು ಸಹಜ. ಚುಚ್ಚಿದ ಜಾಗವನ್ನು ತಿಕ್ಕಬೇಡಿ.

ಜ್ಞಾನಸ್ನಾನದ ಸರ್ಟಿಫಿಕೇಟನ್ನು ಟ್ರಂಕಿನ ತಳದಲ್ಲಿ ಜೋಪಾನವಾಗಿ ಇಡುವ ಮನೆಗಳಲ್ಲೇ ಲಸಿಕೆಯ ತಾಯಿ ಕಾರ್ಡ್ ಎಲ್ಲಿದೆ ಎಂದರೆ ಯಾರಿಗೂ ಗೊತ್ತಿರುವುದಿಲ್ಲ! ಎರಡನ್ನೂ ಒಂದೇ ಕವರಿನಲ್ಲಿ ಇಡಿ. ಕಾರ್ಡ್ ಕಳೆದಿದ್ದರೆ ಕಳೆದಿದೆ ಎಂದೇ ಹೇಳಿರಿ, ಯಾರೂ ಬೈಯುವುದಿಲ್ಲ. ಶಾಲೆಗೆ ಅವರು ಬಂದ ದಿನ ಮಗು ರಜೆಯಲ್ಲಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿರಿ. ಡಿ.ಪಿ.ಟಿ. ಬೂಸ್ಟರ್ ತಪ್ಪಿದ್ದರೆ 7 ವರ್ಷ ತುಂಬುವುದರೊಳಗೆ ಹಾಕಿಸಬಹುದು; ಅದು ದಾಟಿದ ಮಕ್ಕಳಿಗೆ ಟಿ.ಡಿ. ಕೊಡುತ್ತಾರೆ.